ಮೊದಲ ಕತ್ತಿ

2023ನೆಯ ಇಸವಿಯ ಶರತ್ಕಾಲದಲ್ಲಿ ನಾನು ಅಮೆರಿಕಾ ದೇಶದ ಇಲಿನಾಯ್ ಸಂಸ್ಥಾನದಲ್ಲಿರುವ ಮಗಳ ಮನೆಯಲ್ಲಿದ್ದೆನು. ಆ ದೇಶದಲ್ಲಿ ಕುಂಬಳವನ್ನು ಅತ್ಯಧಿಕವಾಗಿ ಬೆಳೆಯುವ ಸೀಮೆ ಅದೇ. ಅಕ್ಟೋಬರ್ ತಿಂಗಳು ಹುಟ್ಟಿತೆಂದರೆ ಮನೆಮನೆಯ ಮೆಟ್ಟಿಲ ಮೇಲೂ ಕೇಸರಿ ಬಣ್ಣದ ಕಾಯಿಗಳು ಬಂದು ಕುಳಿತುಕೊಳ್ಳುತ್ತವೆ. ಅಡಿಗೆಗೆಂದು ತಂದವಲ್ಲ. 31ನೆಯ ತಾರೀಖು, ಸರ್ವಸಂತರ ಹಬ್ಬದ ಹಿಂದಿನ ಸಂಜೆ, ಹ್ಯಾಲೊವೀನ್. ಅದಕ್ಕಾಗಿ ಅವುಗಳಿಗೆ ಕಣ್ಣು ಮೂಗು ಬಾಯಿಗಳನ್ನು ಕೊರೆದು ಒಳಗೆ ದೀಪವಿಡುವರು. ಐರ್ಲೆಂಡಿನವರು ತಮ್ಮ ನಾಡಿನಲ್ಲಿ ಕೊರೆಯುತ್ತಿದ್ದುದು ಟರ್ನಿಪ್ ಗೆಡ್ಡೆಯನ್ನು. ಹತ್ತೊಂಬತ್ತನೆಯ ಶತಮಾನದಲ್ಲಿ ಹಡಗು ಹತ್ತಿ ಬಂದವರಿಗೆ ಇಲ್ಲಿ ಕುಂಬಳ ದೊರೆಯಿತು. ನೆಲ ಬಿಟ್ಟವರ ಹಬ್ಬಗಳು ಸಿಕ್ಕಿದ್ದರಲ್ಲಿಯೇ ನಡೆಯತಕ್ಕವು. ನನ್ನ ಮಗಳೂ ಹಿಂದಿನ ಸೋಮವಾರ ಆಯುಧಪೂಜೆಯಲ್ಲಿ ಬೂದುಗುಂಬಳ ಸಿಕ್ಕದೆ, ಕಾರಿನ ಚಕ್ರಗಳಡಿಯಲ್ಲಿ ನಿಂಬೆಹಣ್ಣನ್ನಿಟ್ಟು ಮುಗಿಸಿದ್ದಳು.

ಹಬ್ಬಕ್ಕೆ ಎರಡು ದಿನ ಮುಂಚಿನ ಭಾನುವಾರ, ಅಡಿಗೆಮನೆಯ ನೆಲದ ಮೇಲೆ ಹಳೆಯ ಕಾಗದಗಳನ್ನು ಹಾಸಿ ಎಲ್ಲರೂ ಸುತ್ತ ಕುಳಿತೆವು. ಅಳಿಯಂದಿರು ಕಾಯಿಯ ಮೇಲೆ ಮಸಿಯಿಂದ ಮುಖ ಬರೆದರು. ಏಳು ವರ್ಷದ ಮೊಮ್ಮಗಳು ಚಮಚ ಹಿಡಿದು ಕಾದಿದ್ದಳು. ಮಗಳು ಚಾಕುವನ್ನು ತಂದು ನನ್ನ ಮುಂದಿಟ್ಟು, "ಅಣ್ಣ, ಮೊದಲ ಕತ್ತಿ ನೀವು ಹಾಕಿ" ಎಂದಳು.

ವಾಚಕರಲ್ಲಿ ಅನೇಕರ ಮನೆಗಳಲ್ಲಿ ಈ ಪದ್ಧತಿ ಇದ್ದೀತು. ಇಡಿಯ ಕುಂಬಳಕಾಯಿಯನ್ನು ಹೆಂಗಸರು ಮೊದಲು ಒಡೆಯಲಾಗದು. ನನ್ನ ಪತ್ನಿ ಕಾಯಿಯನ್ನು ಈಳಿಗೆಮಣೆಯ ಪಕ್ಕದಲ್ಲಿಟ್ಟುಕೊಂಡು, "ಒಂದು ಪೆಟ್ಟು ಹಾಕಿಕೊಟ್ಟು ಹೋಗಿ" ಎಂದು ಕರೆಯುತ್ತಿದ್ದಳು. ನಾನು ಮೂಢನಂಬಿಕೆಯೆಂದು ಗೊಣಗುವೆನು. ಓದುವುದನ್ನು ಬಿಟ್ಟು ಏಳಬೇಕಲ್ಲ, ನಿಜವಾದ ಸಿಟ್ಟು ಅದು. ಆಕೆ ವಾದಿಸದೆ ಕಾಯುವಳು. ಆಕೆ ಹೋದಮೇಲೆ ನಮ್ಮ ಮನೆಗೆ ಇಡಿಯ ಕಾಯಿ ಬಂದಿಲ್ಲ; ಒಬ್ಬನಿಗೆ ಅಂಗಡಿಯ ಹೋಳೇ ಹೆಚ್ಚು.

ತೊಟ್ಟಿನ ಸುತ್ತ ಚಾಕುವನ್ನು ಓರೆಯಾಗಿ ಹಿಡಿದು ಕೊಯ್ಯಬೇಕು. ನೆಟ್ಟಗೆ ಕೊಯ್ದರೆ ಮುಚ್ಚಳವು ಒಳಗೆ ಬಿದ್ದುಹೋಗುತ್ತದೆ. ನನ್ನ ಕೈ ನಡುಗಿತು. "ಬೇಗ, ತಾತ!" ಎಂದಳು ಮೊಮ್ಮಗಳು. ಮುಚ್ಚಳ ತೆಗೆದೊಡನೆ ಬಂದ ಹಸಿವಾಸನೆ ನಮ್ಮ ಊರಿನ ಅಡಿಗೆಮನೆಯದೇ. ನಾನು ಮಾತಾಡಲಿಲ್ಲ. ಮಗಳು ಬೀಜಗಳನ್ನು ಬಟ್ಟಲಿಗೆ ಬಳಿದುಕೊಳ್ಳುತ್ತ ತಲೆ ತಗ್ಗಿಸಿಯೇ ಇದ್ದಳು.

ಬಾಯಿಯನ್ನು ತಾನೇ ಕೊರೆಯುವೆನೆಂದು ಮಗು ಹಟ ಹಿಡಿಯಿತು. ಮಗಳು ನನ್ನ ಮುಖ ನೋಡಿದಳು. ಗರಗಸದಂಥ ಪುಟ್ಟ ಚಾಕುವನ್ನು ನಾನೇ ಅದರ ಕೈಗೆ ಕೊಟ್ಟು ಮಣಿಕಟ್ಟನ್ನು ಹಿಡಿದುಕೊಂಡೆನು. ಬಾಯಿ ಸೊಟ್ಟಗಾಯಿತು, ಬಿಟ್ಟ ಒಂದೇ ಹಲ್ಲು ಮುರಿದುಬಿತ್ತು. ತನಗೂ ಮುಂದಿನ ಹಲ್ಲು ಬಿದ್ದಿದ್ದುದರಿಂದ ಅದಕ್ಕೆ ಪರಮಸಂತೋಷ!

ರಾತ್ರಿ ದೀಪ ಹಚ್ಚಿದ ಮೇಲೆ ಮಗಳು, "ಅಮ್ಮ ಇದ್ದಿದ್ದರೆ ಈ ತಿರುಳನ್ನು ಎಸೆಯಗೊಡುತ್ತಿರಲಿಲ್ಲ" ಎಂದಳು. ಮರುದಿನ ಊಟಕ್ಕೆ ಅದರ ಪಲ್ಯವಾಯಿತು. ಕೊರೆಯುವ ಜಾತಿಯ ಕಾಯಿ, ಬರಿಯ ನೀರು, ಸಪ್ಪೆ. ಅಳಿಯಂದಿರು ಮರ್ಯಾದೆಗೆ ಒಂದು ತುತ್ತು ತಿಂದರು. ನಾವಿಬ್ಬರೂ ಎರಡನೆಯ ಸಲ ಬಡಿಸಿಕೊಂಡೆವು.