ಪರದೆ ನುಂಗಿದ ‘ಬೇಡ’

ಕನ್ನಡದಲ್ಲಿ ‘ಬೇಡ’ ಅನ್ನೋ ಮಾತು ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ‘ಆ ಕಡೆ ಹೋಗುವುದು ಬೇಡ’, ‘ಅವನಿಗೆ ದುಡ್ಡು ಕೊಡುವುದು ಬೇಡ’. ಕೊನೆಯ ಆ ಒಂದು ಪದ ಬಿದ್ದುಹೋದರೆ, ಬೇಡ ಅಂದದ್ದೇ ಮಾಡು ಅಂದಂತೆ ಕೇಳಿಸುತ್ತದೆ. ಕಂಪ್ಯೂಟರ್ ಪರದೆಯ ಮೇಲೆ ಹೀಗೆ ಬಿದ್ದುಹೋದ ಒಂದು ‘ಬೇಡ’ವನ್ನು ಹುಡುಕಿ ತಂದ ಕತೆ ಇದು. ಕಂಪ್ಯೂಟರ್ ಮುಟ್ಟದವರಿಗೂ ಅರ್ಥವಾಗುವ ಹಾಗೆ ಹೇಳುತ್ತೇವೆ.

ನಮ್ಮ ಊರಿನ ಕಡೆ ಮುಂಗಾರು ಶುರುವಾದರೆ ಹಾವು ಕಡಿತದ ಸುದ್ದಿಯೂ ಶುರು. ಜಿಲ್ಲಾ ಸುದ್ದಿಗಾರರಾದ ನಾವು ಅಂಥ ಸುದ್ದಿಯನ್ನು ನಾಲ್ಕು ಸಾಲಿನಲ್ಲಿ ಕಳಿಸಿ ಸುಮ್ಮನಾಗುವುದೇ ಹೆಚ್ಚು. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆ ಎಂದು ಘೋಷಿಸಿತು. ಅಂದರೆ ಆಸ್ಪತ್ರೆಗೆ ಬಂದ ಪ್ರತಿ ಪ್ರಕರಣವನ್ನೂ ವರದಿ ಮಾಡಬೇಕು. ವರದಿ ಆಗಬೇಕಾದರೆ ಮೊದಲು ಜನ ಆಸ್ಪತ್ರೆಗೆ ಬರಬೇಕಲ್ಲ? ದಾರಿಯಲ್ಲಿ ಹಗ್ಗ ಬಿಗಿಯುವುದು, ಬ್ಲೇಡಿನಲ್ಲಿ ಕೊಯ್ಯುವುದು, ಬಾಯಿ ಹಾಕಿ ಹೀರುವುದು, ಮಂತ್ರ ಹಾಕಿಸುವುದು ಮುಗಿಯುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಹಾಗಾಗಿ ಊರಿನ ವಾಟ್ಸಾಪ್ ಗುಂಪುಗಳಿಗೆ ನಲವತ್ತು ಸೆಕೆಂಡಿನ ಒಂದು ಚಿತ್ರ ಮಾಡೋಣ, ಗೆರೆ ಗೊಂಬೆಗಳು ಓಡಾಡಿ ತೋರಿಸಲಿ ಎಂದುಕೊಂಡೆವು.

ಕೆಲಸ ನಡೆದದ್ದು ಬಾಗಲಗುಂಟೆಯಲ್ಲಿ. ತುಮಕೂರು ರಸ್ತೆಯ ಕಡೆಯಿಂದ ಬರುವ ನಮ್ಮಂಥವರಿಗೆ ನಾಗಸಂದ್ರ ಮೆಟ್ರೊ ಆದಮೇಲೆ ಈ ಭಾಗ ಹತ್ತಿರವಾಗಿದೆ. ಅಲ್ಲಿ ನಮ್ಮ ಜೊತೆ ಡಿಪ್ಲೊಮಾ ಓದಿದ ಗೆಳೆಯನ ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ ಇದೆ. ಸಂಜೆ ಏಳರ ಮೇಲೆ ಗಿರಾಕಿ ಕಡಿಮೆ, ಕಂಪ್ಯೂಟರ್ ನಮಗೆ. ಇಳಿಸಿಕೊಂಡದ್ದು ದುಡ್ಡು ಕೊಡಬೇಕಿಲ್ಲದ ಒಂದು ಪುಟ್ಟ ಆನಿಮೇಷನ್ ತಂತ್ರಾಂಶ. ಸೆಕೆಂಡಿಗೆ 12 ಚಿತ್ರದಂತೆ ಲೆಕ್ಕ ಹಾಕಿದರೆ ನಲವತ್ತು ಸೆಕೆಂಡಿಗೆ 480 ಚಿತ್ರ. ಕೈಕಾಲು ಮಾತ್ರ ಸ್ವಲ್ಪ ಸ್ವಲ್ಪ ಸರಿಸುತ್ತಾ ಹೋದರೆ ಸಾಕು, ಅಷ್ಟೇನೂ ಕಷ್ಟವಿಲ್ಲ.

ಕಷ್ಟ ಕೊಟ್ಟದ್ದು ಗೊಂಬೆಗಳಲ್ಲ, ಪರದೆ.

ಮೊದಲ ದಿನವೇ ಪ್ರತಿ ಗೊಂಬೆಯ ಹಿಂದೆ ಮಸುಕಾದ ಇನ್ನೊಂದು ಗೊಂಬೆ ದೆವ್ವದ ಹಾಗೆ ನಿಂತಿತ್ತು. ಇದು ದೋಷವಲ್ಲ, ಸೌಲಭ್ಯ. ಹಿಂದಿನ ಚಿತ್ರ ತೆಳ್ಳಗೆ ಕಂಡರೆ ಮುಂದಿನದನ್ನು ಎಷ್ಟು ಸರಿಸಬೇಕೆಂದು ತಿಳಿಯುತ್ತದೆ. ಇದಕ್ಕೆ ‘ಆನಿಯನ್ ಸ್ಕಿನ್’, ಅಂದರೆ ಈರುಳ್ಳಿ ಸಿಪ್ಪೆ ಎಂದು ಹೆಸರು. ಒಂದು ಗುಂಡಿ ಒತ್ತಿದರೆ ಹೋಗುತ್ತದೆ.

ಎರಡನೇ ದಿನ, ಚಿತ್ರಗಳ ಸಾಲು ತೋರಿಸುವ ಪಟ್ಟಿಯೇ ಕಾಣೆ. ಅಂಗಡಿಯ ಎರಡನೇ ಮಾನಿಟರ್ ಬಿಚ್ಚಿಟ್ಟಿದ್ದರು. ತಂತ್ರಾಂಶ ಮಾತ್ರ ಪಟ್ಟಿಯನ್ನು ಆ ಇಲ್ಲದ ಮಾನಿಟರಿನ ಜಾಗದಲ್ಲೇ ತೆರೆದು ಕೂತಿತ್ತು. ವಿಂಡೋಸ್‌ನಲ್ಲಿ ಹೀಗೆ ಕಿಟಕಿ ಕಳೆದುಹೋದರೆ ಆಲ್ಟ್ ಕೀಲಿಯ ಜೊತೆ ಸ್ಪೇಸ್ ಒತ್ತಿ, ಆಮೇಲೆ ಎಂ ಒತ್ತಿ, ಬಾಣದ ಕೀಲಿಗಳಿಂದ ಅದನ್ನು ಎಳೆದು ತರಬಹುದು. ಅದಕ್ಕೂ ಬಗ್ಗದಿದ್ದರೆ ತಂತ್ರಾಂಶದ ಸೆಟ್ಟಿಂಗ್ ಕಡತಕ್ಕೆ ಬೇರೆ ಹೆಸರಿಟ್ಟು ಮತ್ತೆ ತೆರೆಯಿರಿ. ಹೊಸದಾಗಿ ಹಾಕಿದಂತೆ ಎಲ್ಲವೂ ಮೊದಲಿನ ಜಾಗಕ್ಕೆ ಬರುತ್ತದೆ. ಅಳಿಸಬೇಡಿ, ಹೆಸರು ಬದಲಿಸಿ ಸಾಕು. ಬೇಕಾದರೆ ಹಿಂದಕ್ಕೆ ಹೋಗಬಹುದು.

ಇವೆಲ್ಲ ಕಣ್ಣಿಗೆ ಕಾಣುವ ಕಾಟ. ಅಸಲಿ ಕಾಟ ಕನ್ನಡ ಬರೆದಾಗ ಶುರುವಾಯಿತು.

ಟೈಪ್ ಮಾಡುವ ಪೆಟ್ಟಿಗೆಯಲ್ಲಿ ‘ಕಟ್ಟುವುದು’ ಸರಿಯಾಗಿ ಕಾಣುತ್ತಿತ್ತು. ಚಿತ್ರದ ಮೇಲೆ ಇಟ್ಟ ಕೂಡಲೇ ‘ಕಟ್‌ಟುವುದು’ ಆಗುತ್ತಿತ್ತು. ‘ಸೂರ್ಯ’ ಹೋಗಿ ‘ಸೂರ್‌ಯ’.

ಇದು ಯಾಕೆ ಹೀಗೆ? ಯೂನಿಕೋಡ್‌ನ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಜಾಗವಿದೆ. ಆದರೆ ಅದರಲ್ಲಿ ಒತ್ತಕ್ಷರಗಳಿಗೆ ಬೇರೆ ಬೇರೆ ಮನೆಗಳಿಲ್ಲ. ‘ಟ್ಟ’ ಎಂಬುದು ಕಂಪ್ಯೂಟರಿನೊಳಗೆ ಟ, ಅರ್ಧಾಕ್ಷರದ ಚಿಹ್ನೆ, ಇನ್ನೊಂದು ಟ ಹೀಗೆ ಮೂರು ತುಂಡಾಗಿ ಇರುತ್ತದೆ. ಅರ್ಕಾವೊತ್ತಿನದು ಇನ್ನೂ ತಮಾಷೆ. ರ ಮೊದಲು ಕೂತಿರುತ್ತದೆ, ಕಾಣುವಾಗ ಕೊನೆಗೆ ಹೋಗಿ ನಿಲ್ಲಬೇಕು. ತುಂಡುಗಳನ್ನು ಜೋಡಿಸಿ ನಿಲ್ಲಿಸುವ ಮೇಸ್ತ್ರಿ ಒಬ್ಬ ಬೇಕು. ಆಂಡ್ರಾಯ್ಡ್ ಫೋನುಗಳಲ್ಲಿ, ಫೈರ್‌ಫಾಕ್ಸ್‌ನಲ್ಲಿ, ಲಿಬ್ರೆಆಫೀಸ್‌ನಲ್ಲಿ ಆ ಕೆಲಸ ಮಾಡುವ ಉಚಿತ ತಂತ್ರಾಂಶದ ಹೆಸರು ಹಾರ್ಫ್‌ಬಜ್. ನೀವು ಆಂಡ್ರಾಯ್ಡ್ ಫೋನಿನಲ್ಲಿ ಈ ಸಾಲು ಓದುತ್ತಿದ್ದರೆ, ಒತ್ತುಗಳನ್ನು ಅವುಗಳ ಜಾಗದಲ್ಲಿ ಕೂರಿಸಿದ್ದು ಅದೇ. ಇಂಥ ಮೇಸ್ತ್ರಿಯನ್ನು ಕರೆಯದೆ, ಇಂಗ್ಲಿಷಿನ ಹಾಗೆ ಒಂದರ ಪಕ್ಕ ಒಂದು ಅಕ್ಷರ ಇಡುವ ತಂತ್ರಾಂಶದಲ್ಲಿ ಕನ್ನಡ ಒಡೆಯುತ್ತದೆ.

ಕನ್ನಡ ಕೆಟ್ಟು ಕಂಡಾಗ ರೋಗ ಯಾವುದೆಂದು ಲಕ್ಷಣದಿಂದಲೇ ಹೇಳಬಹುದು. ಚೌಕ ಡಬ್ಬಿಗಳು ಕಂಡರೆ ಆ ಫಾಂಟಿನಲ್ಲಿ ಕನ್ನಡವೇ ಇಲ್ಲ. ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಂಡರೆ ಅದು ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಟೈಪಾದದ್ದು, ಯೂನಿಕೋಡಿಗೆ ಬದಲಿಸಬೇಕು. ಹಳೆಯ ಕಡತ ಕಳಿಸಿ ಡೆಸ್ಕಿನಿಂದ ಫೋನು ಬರಿಸಿಕೊಂಡ ಸುದ್ದಿಗಾರರಿಗೆಲ್ಲ ಇದು ಗೊತ್ತು. ಅಕ್ಷರಗಳು ಇವೆ, ಒತ್ತು ಮಾತ್ರ ಪಕ್ಕಕ್ಕೆ ಜಾರಿದೆ ಎಂದರೆ ಮೇಸ್ತ್ರಿ ಇಲ್ಲ.

ನಮ್ಮದು ಮೂರನೆಯದು. ಅದೇ ತಂತ್ರಾಂಶದ ಹೊಸ ಆವೃತ್ತಿ ಹಾಕಿದೆವು, ಒತ್ತು ಒತ್ತಿನ ಜಾಗಕ್ಕೆ ಬಂತು. ಚಿತ್ರ ಮುಗಿಸಿ ವಿಡಿಯೊ ಮಾಡಿದೆವು. ಹೊರಗೆ ಕಳಿಸುವ ಮುಂಚೆ ಒಬ್ಬರಿಗಾದರೂ ತೋರಿಸುವುದು ನಮ್ಮ ರೂಢಿ. ಅಂಗಡಿ ಮುಂದೆ ಹೂವು ಮಾರುವ ಅಮ್ಮನ ಕೈಗೆ ಫೋನು ಕೊಟ್ಟೆವು. ಪೂರ್ತಿ ನೋಡಿ ಆಯಮ್ಮ ಕೇಳಿದರು:

“ಅಂದ್ರೆ ಹಗ್ಗ ಬಿಗಿದು ಕಟ್ಬೇಕಾ ಅಣ್ಣ? ನಮ್ಮೂರಲ್ಲೂ ಹಂಗೇ ಮಾಡ್ತಾರೆ.”

ಫೋನು ಇಸಿದುಕೊಂಡು ನೋಡಿದೆವು. ನಾವು ಬರೆದದ್ದು ‘ಹಗ್ಗ ಬಿಗಿದು ಕಟ್ಟುವುದು ಬೇಡ’. ವಿಡಿಯೊದಲ್ಲಿ ಇದ್ದದ್ದು ‘ಹಗ್ಗ ಬಿಗಿದು ಕಟ್ಟುವುದು’. ಪದ ಅರ್ಧಕ್ಕೆ ತುಂಡಾಗಿದ್ದರೆ ಯಾರಿಗಾದರೂ ಅನುಮಾನ ಬರುತ್ತಿತ್ತು. ಇಲ್ಲಿ ‘ಬೇಡ’ ಇಡಿಯಾಗಿ, ನುಣ್ಣಗೆ ಮಾಯ. ಉಳಿದದ್ದು ಸಲಹೆಯಂತೆ ಓದಿಸಿಕೊಳ್ಳುತ್ತಿತ್ತು.

ಹಗ್ಗ ಬಿಗಿದರೆ ರಕ್ತದ ಓಡಾಟ ನಿಂತು ಕೈಕಾಲೇ ಹೋಗಬಹುದು. ಕೊಳಕುಮಂಡಲದ ವಿಷ ಕಚ್ಚಿದ ಜಾಗದ ಮಾಂಸವನ್ನೇ ಕೊಳೆಸುವಂಥದ್ದು, ಅದನ್ನು ಒಂದೇ ಕಡೆ ಕಟ್ಟಿ ನಿಲ್ಲಿಸಿದರೆ ಇನ್ನೂ ಕೆಟ್ಟದ್ದು. ಅಂಥ ವಿಡಿಯೊ ನೂರು ಗುಂಪಿಗೆ ಹೋದಮೇಲೆ ವಾಪಸ್ ಕರೆಯಲು ಆಗುತ್ತದೆಯೇ?

ಆ ರಾತ್ರಿ ಅಂಗಡಿ ಬಾಗಿಲು ಅರ್ಧ ಎಳೆದುಕೊಂಡು ಕೂತೆವು. ದೋಷ ಹುಡುಕುವಾಗ ನಿಯಮ ಒಂದೇ: ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎರಡು ಬದಲಿಸಿದರೆ ಯಾವುದರಿಂದ ಸರಿಯಾಯಿತೆಂದು ತಿಳಿಯುವುದಿಲ್ಲ. 480 ಚಿತ್ರದ ಕಡತ ಬದಿಗಿಟ್ಟು, ಒಂದೇ ಚಿತ್ರ, ಒಂದೇ ಸಾಲಿನ ಹೊಸ ಕಡತ ಮಾಡಿದೆವು. ಫಾಂಟ್ ಬದಲಿಸಿದೆವು, ‘ಬೇಡ’ ಬರಲಿಲ್ಲ. ಅದೇ ಕಡತವನ್ನು ಅಂಗಡಿಯ ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದೆವು, ‘ಬೇಡ’ ಕಾಣಿಸಿತು! ಎರಡೂ ಕಂಪ್ಯೂಟರುಗಳಿಗೆ ಏನು ವ್ಯತ್ಯಾಸ ಎಂದು ಒಂದೊಂದೇ ಹೋಲಿಸಿದಾಗ ಸಿಕ್ಕಿತು. ಒಂದರಲ್ಲಿ ಪರದೆಯ ಅಳತೆ ನೂರಕ್ಕೆ ನೂರು. ಇನ್ನೊಂದರಲ್ಲಿ ಕಣ್ಣಿಗೆ ದೊಡ್ಡದಾಗಿ ಕಾಣಲೆಂದು ನೂರಿಪ್ಪತ್ತೈದಕ್ಕೆ ಏರಿಸಿದ್ದರು.

ಅಕ್ಷರ ಕಾಲು ಭಾಗ ದೊಡ್ಡದಾಗಿದೆ, ಅಕ್ಷರ ಕೂರುವ ಪೆಟ್ಟಿಗೆ ಮಾತ್ರ ಹಳೆಯ ಅಳತೆಯಲ್ಲೇ ಇದೆ. ಸಾಲು ಹಿಡಿಸದೆ ಕೊನೆಯ ಪದ ಕೆಳಗಿನ ಸಾಲಿಗೆ ಇಳಿದಿದೆ. ಪೆಟ್ಟಿಗೆಯ ಎತ್ತರ ಒಂದೇ ಸಾಲಿನದು, ಹಾಗಾಗಿ ಇಳಿದದ್ದು ಕಾಣುವುದೇ ಇಲ್ಲ. ಇಂಗ್ಲಿಷಿನಲ್ಲಿ ‘ಡು ನಾಟ್’ ಮೊದಲೇ ಬರುತ್ತದೆ, ಬಾಲ ತುಂಡಾದರೂ ಬೇಡವೆಂಬ ಮಾತು ಉಳಿಯುತ್ತದೆ. ನಮ್ಮಲ್ಲಿ ಬಾಲ ತುಂಡಾದರೆ ಜೀವವೇ ತುಂಡು.

ಅಳತೆ ನೂರಕ್ಕೆ ಇಳಿಸಿದೆವು, ‘ಬೇಡ’ ಬಂತು. ಅಲ್ಲಿಗೆ ಮುಗಿಯಲಿಲ್ಲ. ಕೆಲವು ಕಡೆ ಒತ್ತಿನ ಕೆಳಭಾಗ ಕತ್ತರಿಸಿದಂತೆ ಇತ್ತು. ಅದು ಬೇರೆಯೇ ದೋಷ. ಸಾಲಿನ ಎತ್ತರವನ್ನು ಇಂಗ್ಲಿಷ್ ಅಕ್ಷರಕ್ಕೆ ತಕ್ಕಂತೆ ಲೆಕ್ಕ ಹಾಕಿದ್ದಾರೆ, ಕೆಳಗೆ ತೂಗುವ ಒತ್ತಿಗೆ ಜಾಗ ಬಿಟ್ಟಿಲ್ಲ. ಒತ್ತು ಪೂರ್ತಿ ಹೋದರೆ ಹಳ್ಳಿ ಹಳಿಯಾಗುತ್ತದೆ, ಕತ್ತೆ ಕತೆಯಾಗುತ್ತದೆ. ‘ಸ್ತ್ರೀ’, ‘ರಾಷ್ಟ್ರ’ದಂಥ ಎರಡು ಒತ್ತಿನ ಪದಗಳಿಗಂತೂ ಕಾಲೇ ಇಲ್ಲ.

ಕೊನೆಗೆ ಆ ತಂತ್ರಾಂಶದಲ್ಲಿ ಕನ್ನಡ ಬರೆಯುವುದನ್ನೇ ಬಿಟ್ಟೆವು. ಸಾಲುಗಳನ್ನು ಇಂಕ್‌ಸ್ಕೇಪ್ ಎಂಬ ಉಚಿತ ತಂತ್ರಾಂಶದಲ್ಲಿ ಬರೆದು, ಹಿನ್ನೆಲೆಯಿಲ್ಲದ ಪಿಎನ್‌ಜಿ ಚಿತ್ರ ಮಾಡಿ, ಗೊಂಬೆಯ ಹಾಗೆಯೇ ತಂದು ಕೂರಿಸಿದೆವು. ಅದು ಕನ್ನಡವನ್ನು ಸರಿಯಾಗಿ ಜೋಡಿಸುತ್ತದೆ. ಚಿತ್ರವಾದ ಮೇಲೆ ಯಾವ ಕಂಪ್ಯೂಟರಿಗೆ ಹೋದರೂ ಒತ್ತು ಜಾರುವುದಿಲ್ಲ. ಮುಂದೆ ಅಕ್ಷರ ತಿದ್ದಬೇಕಾದರೆ ಇಂಕ್‌ಸ್ಕೇಪಿನ ಮೂಲ ಕಡತ ಬೇಕು, ಅದನ್ನು ಜೋಪಾನ ಮಾಡಿ.

ಬರವಣಿಗೆಯನ್ನೂ ಬದಲಿಸಿದೆವು. ಪರದೆಯ ಮೇಲೆ ಮೊದಲು ಕೆಂಪು ಬಣ್ಣದಲ್ಲಿ, ದೊಡ್ಡದಾಗಿ ‘ಬೇಡ’ ಎಂದು ಬರುತ್ತದೆ. ಅದರ ಕೆಳಗೆ ಹಗ್ಗ, ಬ್ಲೇಡು, ಬಾಯಿಂದ ಹೀರುವುದು ಒಂದೊಂದಾಗಿ ಬಂದು ಅಡ್ಡಗೆರೆ ಹೊಡೆಸಿಕೊಳ್ಳುತ್ತವೆ. ಆಮೇಲೆ ಹಸಿರಿನಲ್ಲಿ ಮಾಡಬೇಕಾದದ್ದು: ಕಚ್ಚಿದ ಕೈಕಾಲು ಅಲುಗಾಡದಂತೆ ಇಡಿ, ಉಂಗುರ ಬಳೆ ತೆಗೆಯಿರಿ, 108ಕ್ಕೆ ಕರೆ ಮಾಡಿ, ನೇರ ಆಸ್ಪತ್ರೆಗೆ ಹೋಗಿ. ಹೂವಿನ ಅಮ್ಮನಿಗೆ ಮತ್ತೆ ತೋರಿಸಿದೆವು. “ಹಗ್ಗ ಕಟ್ಬಾರ್ದು, ಆಸ್ಪತ್ರೆಗೆ ಹೋಗ್ಬೇಕು, ಅಷ್ಟೇ ತಾನೇ?” ಅಂದರು. ಅದಾದ ಮೇಲೆಯೇ ಗುಂಪಿಗೆ ಕಳಿಸಿದ್ದು.

ಇನ್ನೊಂದು ಕೆಲಸ ಉಳಿದಿತ್ತು. ಆ ತಂತ್ರಾಂಶ ಬರೆಯುವವರಿಗೆ ಕನ್ನಡ ಬಾರದು. ‘ಬೇಡ’ ಬಿದ್ದುಹೋಗಿದೆ ಎಂದರೆ ಅವರಿಗೆ ಏನು ತಿಳಿಯಬೇಕು? ಹಾಗಾಗಿ ಒಂದೇ ಸಾಲಿನ ಆ ಪುಟ್ಟ ಕಡತ, ತಂತ್ರಾಂಶದ ಆವೃತ್ತಿ, ವಿಂಡೋಸ್ ಆವೃತ್ತಿ, ಪರದೆಯ ಅಳತೆ, ಯಾವ ಹೆಜ್ಜೆಯ ನಂತರ ಯಾವುದು ಎಂಬ ಪಟ್ಟಿ, ಜೊತೆಗೆ ಎರಡು ಚಿತ್ರ, ಒಂದು ಹೀಗೆ ಕಾಣಬೇಕು, ಇನ್ನೊಂದು ಹೀಗೆ ಕಾಣುತ್ತಿದೆ, ಇಷ್ಟನ್ನು ಸೇರಿಸಿ ಬರೆದು ಕಳಿಸಿದೆವು. ಒತ್ತಿನ ದೋಷಕ್ಕೆ ಬೇರೆ ಪತ್ರ. ಎರಡು ದೋಷವನ್ನು ಒಂದೇ ಪತ್ರದಲ್ಲಿ ಬರೆದರೆ ಒಂದು ಸರಿಮಾಡಿ ಇನ್ನೊಂದನ್ನು ಮರೆಯುತ್ತಾರೆ.

ನೀವೂ ಮದುವೆ ಪತ್ರಿಕೆಗೋ, ಶಾಲೆಯ ಚಿತ್ರಕ್ಕೋ, ಹಾಲಿನ ಡೇರಿಯ ನೋಟಿಸಿಗೋ ಕನ್ನಡ ಬರೆದಾಗ ಹೀಗಾದರೆ, ನಮ್ಮ ಭಾಷೆಯೇ ಕಂಪ್ಯೂಟರಿಗೆ ಒಗ್ಗುವುದಿಲ್ಲ ಎಂದು ಇಂಗ್ಲಿಷಿಗೆ ಹೋಗಬೇಡಿ. ಪರದೆಯ ಒಂದು ಫೋಟೊ ತೆಗೆದು, ಯಾವ ಪದ ಹೇಗೆ ಕಾಣಬೇಕಿತ್ತು ಎಂದು ಬರೆದು ನಮಗೆ ಕಳಿಸಿ. ಇಂಗ್ಲಿಷಿನಲ್ಲಿ ಬರೆದು ಅವರಿಗೆ ಮುಟ್ಟಿಸುವುದು ನಮ್ಮ ಕೆಲಸ.