ಅಮೆರಿಕದ ನಾಲ್ಕಾಣೆ, ನಿಜಾಮರ ಒಂದಾಣೆ

ನಮ್ಮ ಬಶೀರಾಬಾದ್ ಕಡೆ ಹಳೇ ಮನೆಗಳ ದೇವರ ಗೂಡು ತಡಕಿದರೆ ಚಾರ್‌ಮಿನಾರ್ ಅಚ್ಚಾದ ನಾಲ್ಕು ರೊಕ್ಕವಾದರೂ ಸಿಗುತ್ತವೆ. ನಮ್ಮ ತಾಂಡೂರು ತಾಲೂಕು 1956ರ ಅಕ್ಟೋಬರ್ ಮುಗಿಯುವ ತನಕ ಗುಲ್ಬರ್ಗಾ ಜಿಲ್ಲೆಯದು. ನವೆಂಬರ್ 1ಕ್ಕೆ ಗುಲ್ಬರ್ಗಾ ಮೈಸೂರು ರಾಜ್ಯಕ್ಕೆ ಹೋಯಿತು, ತಾಂಡೂರು, ಕೊಡಂಗಲ್ ಆಂಧ್ರಕ್ಕೆ ಬಂದವು. ಬೀದರಿನಿಂದ ನಾರಾಯಣಖೇಡ ಮತ್ತು ಜಹೀರಾಬಾದಿನ ಬಹುಭಾಗಕ್ಕೂ ಅದೇ ದಾರಿ. ಹಾಗಾಗಿ ನಮ್ಮ ಮನೆಮಾತು ಕನ್ನಡ, ಸಾಲೆ ತೆಲುಗು, ಸಂತೆಯ ಚೌಕಾಸಿ ಉರ್ದು. ಅಜ್ಜಿಯ ತಗಡಿನ ಡಬ್ಬಿ ಮಾತ್ರ ಈ ಯಾವ ಗಡಿಗೂ ಕೇರ್ ಮಾಡದೆ ಹೈದರಾಬಾದ್ ಸಂಸ್ಥಾನದಲ್ಲೇ ಉಳಿದಿತ್ತು. ಆಕೆ ಕೊನೆಯವರೆಗೂ ನಿಜಾಮರ ರೂಪಾಯಿಗೆ ಹಾಲಿ, ಇಂಗ್ರೇಜರ ರೂಪಾಯಿಗೆ ಕಲ್ದಾರ್ ಅನ್ನುತ್ತಿದ್ದಳು. ಏಳು ಹಾಲಿಗೆ ಹೆಚ್ಚುಕಡಿಮೆ ಆರು ಕಲ್ದಾರ್ ಎಂಬ ಲೆಕ್ಕ ನನಗೆ ಮಗ್ಗಿಗಿಂತ ಮೊದಲು ಬಾಯಿಗೆ ಬಂದದ್ದು ಅವಳಿಂದಲೇ.

ಈ ಡಬ್ಬಿಯ ವಾರಸುದಾರ ನಾನು ಎಂದು ತಿಳಿದೇ ಅಮೆರಿಕದಿಂದ ಬಂದ ಅಣ್ಣನ ಮೊಮ್ಮಗ ಒಂದು ನಾಣ್ಯ ಕೈಗಿಟ್ಟ. ಕ್ವಾರ್ಟರ್, ಅಂದರೆ ಅವರ ನಾಲ್ಕಾಣೆ. ಬೆಳ್ಳಗಿರಬೇಕಾದ್ದು ಕೆಂಪು ಕಂದಾಗಿತ್ತು. "ತಾತಾ, ಇದರ ಮ್ಯಾಲಿನ ಪದರ ಹಾರಿ ಹೋಗ್ಯದ. ಇಂಥಾವಕ್ಕ ಭಾಳ ರೊಕ್ಕ ಕೊಡ್ತಾರ!" ಹುಡುಗನ ಕಣ್ಣಲ್ಲಿ ಆಗಲೇ ಹೊಸ ಫೋನು ಮಿನುಗುತ್ತಿತ್ತು.

ಅವನ ಆಸೆ ಪೂರ್ತಿ ಹುಚ್ಚೇನಲ್ಲ. 1964ರವರೆಗೆ ಕ್ವಾರ್ಟರಿನಲ್ಲಿ ನೂರಕ್ಕೆ 90 ಪಾಲು ಬೆಳ್ಳಿ ಇತ್ತು. ಬೆಳ್ಳಿ ತುಟ್ಟಿಯಾಗಿ 1965ರಲ್ಲಿ ಕಾನೂನು ಬದಲಾದ ಮೇಲೆ ಅದು ಹೋಳಿಗೆಯಾಯಿತು: ಒಳಗೆ ಶುದ್ಧ ತಾಮ್ರದ ಹೂರಣ, ಎರಡೂ ಬದಿಗೆ ತಾಮ್ರ-ನಿಕ್ಕಲಿನ ತೆಳು ಕಣಕ. ಲೋಹದ ಪಟ್ಟಿಗಳನ್ನು ಒತ್ತಿ ಬೆಸೆಯುವಾಗ ನಡುವೆ ಕೊಳೆಯೋ ಗಾಳಿಯೋ ಸಿಕ್ಕಿಕೊಂಡರೆ ಒಂದು ಬದಿಯ ಕಣಕ ಕಿತ್ತು ಬರುತ್ತದೆ. ಅಚ್ಚು ಬೀಳುವ ಮೊದಲೇ ಕಿತ್ತಿದ್ದರೆ ಬರಿ ತಾಮ್ರದ ಮೇಲೆ ಚಿತ್ರ ಮೂಡುತ್ತದೆ, ಬಿಲ್ಲೆ ತೆಳುವಾದ್ದರಿಂದ ಕೊಂಚ ಮಂಕಾಗಿ. ಅಚ್ಚಾದ ಮೇಲೆ ಕಿತ್ತರೆ ಆ ಬದಿಯ ಚಿತ್ರವೂ ಪದರದ ಜೊತೆಗೇ ಹೋಗಿ ಮಸುಕು ಗೆರೆಗಳು ಉಳಿಯುತ್ತವೆ. ಟಂಕಸಾಲೆಯ ಈ ತಪ್ಪಿಗೆ ಸಂಗ್ರಾಹಕರು ನಿಜಕ್ಕೂ ದುಡ್ಡು ಸುರಿಯುತ್ತಾರೆ. ಮನುಷ್ಯರ ತಪ್ಪಿಗೂ ಹೀಗೆ ಬೆಲೆ ಬಂದಿದ್ದರೆ ನಮ್ಮ ಓಣಿಯಲ್ಲಿ ಬಡವರೇ ಇರುತ್ತಿರಲಿಲ್ಲ.

ಆದರೆ ಹುಡುಗನ ನಾಣ್ಯ ಎರಡೂ ಬದಿಗೆ ಕೆಂಪು. ಅದೂ ಒಂದೇ ಸಮನಲ್ಲ. ಅಂಚಿನಲ್ಲಿ ಕಪ್ಪು, ನಡುವೆ ತೇಪೆ ತೇಪೆ. ಎಲ್ಲಿತ್ತು ಎಂದು ಕೇಳಿದೆ. ಅವರಪ್ಪನ ಕಾರಿನಲ್ಲಿ ಕಾಫಿ ಲೋಟ ಇಡುವ ಗುಣಿಯ ತಳದಲ್ಲಂತೆ. ಅಲ್ಲಿಗೆ ಅರ್ಧ ಕತೆ ತಿಳಿಯಿತು. ಮೇಲೆ ಬೆಳ್ಳಗೆ ಕಾಣುವ ಆ ಪದರದಲ್ಲೂ ಮುಕ್ಕಾಲು ಪಾಲು ತಾಮ್ರವೇ. ಕಾಲು ಪಾಲು ನಿಕ್ಕಲ್ ಸೇರಿ ಅದನ್ನು ಬೆಳ್ಳಗೆ ಮಾಡಿರುತ್ತದೆ. ಹಸಿ, ಉಪ್ಪು, ಹುಳಿ ತಾಗುತ್ತಾ ವರ್ಷಗಟ್ಟಲೆ ಕೂತರೆ ಮೇಲ್ಮೈ ಕೆಟ್ಟು ಅಡಗಿದ್ದ ಕೆಂಪು ಹೊರಬೀಳುತ್ತದೆ. ಮಣ್ಣಲ್ಲಿ ಹೂತರೂ ಅಷ್ಟೇ, ಬೆಂಕಿಗೆ ಹಿಡಿದರೂ ಬಣ್ಣ ತಿರುಗುತ್ತದೆ. ಪದರ ಅಲ್ಲೇ ಇರುತ್ತದೆ.

ಬಾಯಿಮಾತಿಗೆ ಹುಡುಗ ಜಗ್ಗಲಿಲ್ಲ. ತಾಂಡೂರಿನ ಅಕ್ಕಸಾಲಿಗರ ಅಂಗಡಿಗೆ ಕರೆದೊಯ್ದೆ. ಕ್ವಾರ್ಟರಿನ ಸರಿಯಾದ ತೂಕ 5.67 ಗ್ರಾಂ, ಒಂದು ಪದರ ಹೋದದ್ದು ಐದು ಗ್ರಾಮಿನ ಒಳಗೇ ಇಳಿಯುತ್ತದೆ. ತಕ್ಕಡಿ 5.6ರ ಮೇಲೆ ನಿಂತಿತು. ಅಂಚನ್ನು ಭೂತಗನ್ನಡಿಯಲ್ಲಿ ತೋರಿಸಿದರೆ ತಾಮ್ರದ ಪಟ್ಟಿಯ ಆಚೆಗೊಂದು ಈಚೆಗೊಂದು ಬೂದುಗೆರೆ ಮಾಸಿಕೊಂಡು ಕಂಡವು. ಒಂದು ಪದರ ಹೋಗಿದ್ದರೂ ಒಂದೇ ಗೆರೆ ಉಳಿಯಬೇಕಿತ್ತು. ಅಕ್ಕಸಾಲಿಗರು ನಕ್ಕು, "ಬಣ್ಣ ನೋಡಿ ಬಂಗಾರ ತಗೊಂಡಿದ್ರ ನಾ ಎಂದೋ ಅಂಗಡಿ ಮುಚ್ಚತಿದ್ದೆ" ಅಂದರು.

ಮನೆಗೆ ಬಂದು ಅವನ ಮುಂದೆ ಅಜ್ಜಿಯ ಡಬ್ಬಿ ಸುರಿದೆ. ನನಗೆ ಕ್ವಾರ್ಟರಿಗಿಂತ ಇದೇ ರುಚಿ. ನಿಜಾಮರ ಚೌಕದ ಒಂದಾಣೆ ಎರಡು ಲೋಹಗಳಲ್ಲಿ ಬಂದಿದೆ: ಹಿಜರಿ 1356ರಿಂದ 1361ರವರೆಗೆ ತಾಮ್ರ-ನಿಕ್ಕಲ್, ಆಮೇಲೆ ಕಂಚು. 1361 ಅಂದರೆ ನಮ್ಮ 1942, ಯುದ್ಧದ ಕಾಲ. ಆಕಾರ ಮಾತ್ರ ಅದೇ. ಕಂದಿದ ಚೌಕದ ಆಣೆ ಕಂಡರೆ ಅದು ಹುಟ್ಟಾ ಕಂಚೋ, ಬಣ್ಣಗೆಟ್ಟ ನಿಕ್ಕಲೋ? ಇಲ್ಲಿ ಪದರದ ಪ್ರಶ್ನೆಯೇ ಇಲ್ಲ, ಎರಡೂ ಒಳಗೂ ಹೊರಗೂ ಒಂದೇ ಲೋಹ. ಇಸವಿಯ ಅಂಕಿ ಓದಿಕೊಂಡರೆ ಬಹುಪಾಲು ತಕರಾರು ಅಲ್ಲೇ ತೀರುತ್ತದೆ. 1361ರದ್ದಕ್ಕೆ ಮಾತ್ರ ಲೋಹವನ್ನೇ ನೋಡಬೇಕು. ಬೆಳ್ಳಿಯ ಹಾಲಿ ರೂಪಾಯಿಯದು ಇನ್ನೊಂದು ಲೀಲೆ. ಗಾಳಿಯಲ್ಲಿ, ರಬ್ಬರಿನಲ್ಲಿ, ಅಗ್ಗದ ಕಾಗದದಲ್ಲಿ ಇರುವ ಗಂಧಕ ತಾಗಿ ಅದು ಮೊದಲು ಹಳದಿ, ಆಮೇಲೆ ನೇರಳೆ, ನೀಲಿ, ಕಡೆಗೆ ಕಪ್ಪಾಗುತ್ತದೆ. ಅದರ ಮೇಲಿನ ಚಾರ್‌ಮಿನಾರಿನ ಬಾಗಿಲಲ್ಲಿ ನಿಜಾಮ ಮಹಬೂಬ್ ಅಲಿ ಖಾನರ 'ಮೀಮ್' ಅಕ್ಷರವಿದೆಯೋ, ಉಸ್ಮಾನ್ ಅಲಿ ಖಾನರ 'ಐನ್' ಇದೆಯೋ ನೋಡಲು ಹುಡುಗ ಅದನ್ನು ಹುಣಸೆಹಣ್ಣು ಹಚ್ಚಿ ತಿಕ್ಕಲು ಎದ್ದ. ಕೈ ಹಿಡಿದು ಕೂರಿಸಿದೆ.

ನಿಮ್ಮಲ್ಲೂ ಇಂಥ ಡಬ್ಬಿ ಇದ್ದರೆ ದಯವಿಟ್ಟು ಹುಣಸೆಹಣ್ಣು, ಬೂದಿ, ಟೂತ್‌ಪೇಸ್ಟ್ ದೂರ ಇಡಿ. ಮೊದಲು ತೂಗಿಸಿ, ಅಂಚು ನೋಡಿ, ಇಸವಿ ಓದಿಸಿ. ತಿಕ್ಕಿದ ನಾಣ್ಯಕ್ಕೆ ಸಂಗ್ರಾಹಕರು ಅರ್ಧ ಬೆಲೆಯನ್ನೂ ಕೊಡಲು ಹಿಂದೆಮುಂದೆ ನೋಡುತ್ತಾರೆ.