ಎರಡು ರೆಗ್ಯುಲೇಟರು

ರೆಗ್ಯುಲೇಟರ್ ಕೊಳ್ಳಬೇಕು ಅಂತ ನಾವು ಬಾಯಿಬಿಟ್ಟ ದಿನ ನಮ್ಮ ಅಮ್ಮಂದಿರು ಅಡಿಗೆಮನೆ ಕಡೆ ನೋಡಿದರು. "ಯಾಕಪ್ಪಾ, ಗ್ಯಾಸಿಂದು ಸರಿಯಾಗೇ ಐತಲ್ಲ?" ಅಂದರು. ಅದಲ್ಲಮ್ಮ, ನೀರೊಳಗೆ ಉಸಿರಾಡೋದು ಅಂದೆವು. ಅವರು ನಮ್ಮ ಮುಖ ನೋಡಿ ಸುಮ್ಮನಾದರು. ಕೋಲಾರದ ಸೀಮೆಯವರು ನಾವು. ಸಾವಿರ ಅಡಿ ಕೊರೆದರೂ ಬೋರಿನಲ್ಲಿ ಧೂಳು ಬರುವ ಊರು. ಅಂಥ ಊರಿನ ನಾಲ್ವರು ನೀರೊಳಗೆ ಉಸಿರಾಡ್ತೀವಿ ಅಂತ ಹೊರಟರೆ ಯಾರಿಗಾದರೂ ನಗು ಬಂದೀತು.

ಒಬ್ಬ ಹೈಸ್ಕೂಲು ಮೇಷ್ಟ್ರು, ಒಬ್ಬ ಪಂಪ್‌ಸೆಟ್ ಮೆಕ್ಯಾನಿಕ್, ಇನ್ನಿಬ್ಬರು ಕ್ವಾರಿಯಲ್ಲಿ ಕಲ್ಲು ಒಡೆದು ಬೆಳೆದವರು. ಕಲ್ಲು ತೆಗೆದು ಬಿಟ್ಟುಹೋದ ಗುಂಡಿಗಳಲ್ಲಿ ಮಳೆನೀರು ನಿಲ್ಲುತ್ತೆ. ನಾವು ಈಜು ಕಲಿತದ್ದೂ ಅಲ್ಲೇ, ಸೊಂಟಕ್ಕೆ ಹಗ್ಗ, ಬೆನ್ನಿಗೆ ಪ್ಲಾಸ್ಟಿಕ್ ಕ್ಯಾನು ಕಟ್ಟಿಕೊಂಡು. ಎರಡು ವರ್ಷದ ಹಿಂದೆ ಅದೇ ಗುಂಡಿಯಲ್ಲಿ ಎಂಟನೇ ಕ್ಲಾಸಿನ ಹುಡುಗನೊಬ್ಬ ಮುಳುಗಿಹೋದ. ಹೆಣ ತೆಗೆಯುವ ಕೆಲಸ ಬಂದಾಗ ಯಾರ ಕೇರಿಗೆ ಹೇಳಿಕಳಿಸುತ್ತಾರೆ ಅನ್ನೋದು ನಿಮಗೆ ಗೊತ್ತು. ನಾವು ಇಳಿದೆವು. ಉಸಿರು ಕಟ್ಟಿ ಮೂರಾಳು ಆಳ ಹೋಗಿ ಬಂದೆವು, ಮತ್ತೆ ಹೋದೆವು. ಕೈಗೆ ಕಲ್ಲು ಸಿಕ್ಕಿತು, ಕೆಸರು ಸಿಕ್ಕಿತು, ಹುಡುಗ ಸಿಗಲಿಲ್ಲ. ಮಾರನೇ ದಿನ ಮಧ್ಯಾಹ್ನ ದೂರದಿಂದ ಮುಳುಗುಗಾರರು ಬಂದು, ಬೆನ್ನಿಗೆ ಸಿಲಿಂಡರ್ ಹಾಕಿಕೊಂಡು ಇಳಿದು, ಇಪ್ಪತ್ತು ನಿಮಿಷದಲ್ಲಿ ತಂದರು. ಅಷ್ಟೂ ಹೊತ್ತು ಆ ತಾಯಿ ಕಲ್ಲಿನ ಅಂಚಿನಲ್ಲಿ ಕೂತೇ ಇದ್ದಳು. ನಮಗೂ ಅವರಿಗೂ ಇದ್ದ ವ್ಯತ್ಯಾಸ ಈಜಿನದಲ್ಲ, ಧೈರ್ಯದ್ದೂ ಅಲ್ಲ. ಬಾಯಲ್ಲಿ ಕಚ್ಚಿದ ಆ ಕರಿ ಡಬ್ಬಿಯದ್ದು ಅಂತ ಅವತ್ತು ನಮಗೆ ಅನ್ನಿಸಿತ್ತು. ಅದು ಅರ್ಧ ನಿಜ. ಇನ್ನರ್ಧ ತಿಳಿಯೋಕೆ ಮುರುಡೇಶ್ವರಕ್ಕೆ ಹೋಗಬೇಕಾಯಿತು.

ಮುರುಡೇಶ್ವರದಿಂದ ಸುಮಾರು ಹತ್ತು ನಾಟಿಕಲ್ ಮೈಲಿ ದೂರದಲ್ಲಿ ನೇತ್ರಾಣಿ ದ್ವೀಪ ಇದೆ. ಮಳೆಗಾಲ ಕಳೆದ ಮೇಲೆ ದೋಣಿಯಲ್ಲಿ ಜನರನ್ನು ಕರೆದೊಯ್ದು ಮುಳುಗಿಸಿ ಕರೆತರುತ್ತಾರೆ. ನಾವು ಎರಡು ವರ್ಷ ಚೀಟಿ ಹಾಕಿ ಕೂಡಿಸಿದ ದುಡ್ಡು ಹಿಡಿದು ಅಲ್ಲಿಗೆ ಹೋದೆವು. ಕಲಿಸುವವನು ನಮಗಿಂತ ಚಿಕ್ಕ ಹುಡುಗ, ಮೀನುಗಾರರ ಮನೆಯವನು. ನಾವು ಹೋದವರೇ, ಯಾವ ರೆಗ್ಯುಲೇಟರ್ ತಗೋಬೇಕು ಹೇಳಪ್ಪಾ ಅಂದೆವು. ಅವನು ನಕ್ಕ. "ಮಾಸ್ಟ್ರೇ, ಚಪ್ಪಲಿ ತಗೊಂಡ ಕೂಡ್ಲೇ ನಡೆಯೂಕೆ ಬತ್ತದಾ? ಮೊದ್ಲು ಬಾಡಿಗೇದ್ರಲ್ಲಿ ಉಸ್ರಾಡಿ, ಆಮೇಲೆ ಮಾತಾಡ್ವಾ."

ಮೊದಲನೇ ಸಲ ನೀರೊಳಗೆ ಉಸಿರೆಳೆದದ್ದು ಹೇಗೆ ಹೇಳೋಣ. ಹುಟ್ಟಿದಾಗಿನಿಂದ ಕಲಿತ ಬುದ್ಧಿ ಒಂದೇ: ನೀರೊಳಗೆ ಬಾಯಿ ಬಿಡಬೇಡ. ಆ ಬುದ್ಧಿ ನಮ್ಮನ್ನು ಬಿಡಲೊಲ್ಲದು. ಎಳೆದೆವು, ಗಾಳಿ ಬಂತು. ಒಣಗಾಳಿ, ಗಂಟಲು ಕೆರೆಯುವಂಥದ್ದು. ಬಿಟ್ಟೆವು, ಗುಳ್ಳೆ ಹೋಯಿತು. ಏನೇ ಆದರೂ ಉಸಿರು ಕಟ್ಟಬೇಡಿ ಅಂತ ಆ ಹುಡುಗ ಹತ್ತು ಸಲ ಹೇಳಿದ್ದ. ಕಟ್ಟಿಕೊಂಡು ಮೇಲೆದ್ದರೆ ಒಳಗಿನ ಗಾಳಿ ಹಿಗ್ಗಿ ಪುಪ್ಪುಸವೇ ಹರಿಯುತ್ತೆ. ಕ್ವಾರಿಯಲ್ಲಿ ನಾವು ಕಲಿತ ಒಂದೇ ವಿದ್ಯೆ ಉಸಿರು ಕಟ್ಟೋದು. ಅದನ್ನೇ ಮರೆಯಬೇಕಾಯಿತು.

ಆಮೇಲೆ ಅವನು ಒಂದು ಹಳೇ ರೆಗ್ಯುಲೇಟರನ್ನು ಟವೆಲ್ ಮೇಲೆ ಬಿಚ್ಚಿಟ್ಟ. ನಮ್ಮ ಮೆಕ್ಯಾನಿಕ್ ಗೆಳೆಯನ ಕಣ್ಣು ಅರಳಿತು. ಇಷ್ಟೇನಾ ಅಂದ. ಹೌದು, ಇಷ್ಟೇ. ಸಿಲಿಂಡರಿನಲ್ಲಿ ಗಾಳಿ 200 ಬಾರ್ ಒತ್ತಡದಲ್ಲಿ ಇರುತ್ತೆ. ನಿಮ್ಮ ಮೋಟಾರ್‌ಸೈಕಲ್ ಚಕ್ರದಲ್ಲಿ ಇರೋದು ಹೆಚ್ಚು ಕಡಿಮೆ 2. ಅದನ್ನು ನೇರ ಬಾಯಿಗೆ ಬಿಟ್ಟರೆ ಮನುಷ್ಯ ಉಳಿಯೋಲ್ಲ. ಅದಕ್ಕೇ ಎರಡು ಮೆಟ್ಟಿಲು. ಸಿಲಿಂಡರಿನ ಕತ್ತಿಗೆ ಕೂರುವ ಹಿತ್ತಾಳೆ ಗುಂಡು ಮೊದಲನೇದು, ಫಸ್ಟ್ ಸ್ಟೇಜ್. ಅದು ಒತ್ತಡವನ್ನು ಸುತ್ತಲಿನ ನೀರಿಗಿಂತ ಒಂಬತ್ತು ಹತ್ತು ಬಾರ್ ಹೆಚ್ಚಿಗೆ ಇಳಿಸುತ್ತೆ. ಬಾಯಲ್ಲಿ ಕಚ್ಚುವ ಡಬ್ಬಿ ಎರಡನೇದು. ಅದರೊಳಗೆ ಒಂದು ರಬ್ಬರ್ ಪೊರೆ, ಒಂದು ಸನ್ನೆ, ಒಂದು ವಾಲ್ವು. ನೀವು ಎಳೆದಾಗ ಪೊರೆ ಒಳಗೆ ಬಾಗಿ ಸನ್ನೆ ಒತ್ತುತ್ತೆ, ಗಾಳಿ ಬರುತ್ತೆ. ಬಿಟ್ಟಾಗ ಮುಚ್ಚಿಕೊಳ್ಳುತ್ತೆ. ಪಂಪ್‌ಸೆಟ್ಟಿನ ಫುಟ್‌ವಾಲ್ವ್ ಬಿಚ್ಚಿದವನಿಗೆ ಇದರಲ್ಲಿ ಹೆದರುವಂಥದ್ದು ಏನೂ ಇಲ್ಲ.

ಇದನ್ನು ಮೊದಲು ಮಾಡಿದ್ದು ಸಮುದ್ರಕ್ಕೂ ಅಲ್ಲ. 1860ರಲ್ಲಿ ಫ್ರಾನ್ಸಿನ ಗಣಿ ಎಂಜಿನಿಯರ್ ರೂಕೆರೋಲ್ ಇಂಥದ್ದನ್ನು ಮಾಡಿದ್ದು ಗಣಿಯ ಕೆಟ್ಟ ಗಾಳಿಯಲ್ಲಿ ಸಿಕ್ಕಿಕೊಂಡ ಕೂಲಿಗಳನ್ನು ಎತ್ತಿ ತರೋಕೆ. ನೀರಿಗೆ ಇಳಿದದ್ದು 1864ರಲ್ಲಿ. ಈಗಿನ ರೂಪಕ್ಕೆ ಬುನಾದಿ ಹಾಕಿದ್ದು 1943ರಲ್ಲಿ ಕುಸ್ತೊ ಮತ್ತು ಗಾನ್ಯಾಂ. ಕುಸ್ತೊ ಹೆಸರು ಲೋಕಕ್ಕೆಲ್ಲ ಗೊತ್ತು. ಕೈಕೆಲಸ ಮಾಡಿದ ಗಾನ್ಯಾಂ ಹೆಸರು ಕೇಳಿದವರು ಕಡಿಮೆ, ಇದು ನಮಗೇನೂ ಹೊಸದಲ್ಲ ಬಿಡಿ. ಯುದ್ಧಕಾಲದಲ್ಲಿ ಪೆಟ್ರೋಲ್ ಸಿಗದೆ ಕಾರುಗಳನ್ನು ಗ್ಯಾಸಿನಲ್ಲಿ ಓಡಿಸೋಕೆ ಅವನು ಮಾಡಿದ್ದ ರೆಗ್ಯುಲೇಟರನ್ನೇ ತಿದ್ದಿ ಉಸಿರಿಗೆ ಹೊಂದಿಸಿದರು. ನಮ್ಮ ಅಮ್ಮಂದಿರು ಅಡಿಗೆಮನೆ ಕಡೆ ನೋಡಿದ್ದು ತಪ್ಪಲ್ಲ.

ಕಡಲು ಬಿಟ್ಟು ಊರಿಗೆ ಬಂದ ಮೇಲೆ ಒಂದು ಆಸೆಗೆ ಬಿದ್ದೆವು. ಪಟ್ಟಣದಲ್ಲಿ ಒಬ್ಬರು ಹಳೇ ಸೆಟ್ಟನ್ನು ಹೊಸದರ ಕಾಲುಭಾಗ ಬೆಲೆಗೆ ಕೊಡುತ್ತಾರೆ ಅಂತ ಸುದ್ದಿ ಬಂತು. ಹೋದೆವು. ಫಳಫಳ ಹೊಳೀತಿತ್ತು. ಸೋಫಾ ಮೇಲೆ ಕೂರಿಸಿ ಕಾಫಿ ಕೊಟ್ಟರು. "ಹತ್ತೇ ಸಲ ಬಳಸಿದ್ದು" ಅಂದರು. ಕಾಫಿ ಕುಡಿದ ಮೇಲೆ ಕೊಂಡವರ ವಸ್ತುವಿನ ಮೇಲೆ ಅನುಮಾನ ಪಡೋದು ಬಡವನಿಗೆ ಎಷ್ಟು ಕಷ್ಟ ಅಂತ ಬಲ್ಲವರೇ ಬಲ್ಲರು. ಆದರೂ ನಮ್ಮ ಮೆಕ್ಯಾನಿಕ್ ಬಿಡಲಿಲ್ಲ. ಸಿಲಿಂಡರಿಗೆ ಕೂರುವ ತುದಿಯಲ್ಲಿ ಸಣ್ಣ ಲೋಹದ ಜರಡಿ ಇರುತ್ತೆ, ಅದನ್ನು ಬೆಳಕಿಗೆ ಹಿಡಿದ. ಹಸಿರುಗಟ್ಟಿತ್ತು. ಹಸಿರು ಅಂದರೆ ಒಳಗೆ ಉಪ್ಪುನೀರು ಹೋಗಿದೆ ಅಂತ. ಕೆಂಪಗಿದ್ದರೆ ಉಕ್ಕಿನ ಸಿಲಿಂಡರಿನ ತುಕ್ಕು, ಕರೀ ಪುಡಿಯಿದ್ದರೆ ಕಂಪ್ರೆಸರಿನ ಇದ್ದಲು. ಪೈಪನ್ನು ಲೋಹಕ್ಕೆ ಸೇರುವ ಕಡೆ ಬಗ್ಗಿಸಿದ, ಸೀಳು ಕಂಡಿತು. ಕೊನೆಗೆ ತುದಿಗೆ ಮುಚ್ಚಳ ಬಿಗಿದು ಬಾಯಲ್ಲಿಟ್ಟು ಎಳೆದ. ಸಿಲಿಂಡರೇ ಇಲ್ಲದಾಗ ಗಾಳಿ ಬರಬಾರದು. ಸುಯ್ ಅಂತ ಬಂತು. ಗಾಳಿ ಬಂದ ದಾರಿಯಲ್ಲೇ ನೀರೂ ಬರುತ್ತೆ. ಇದಕ್ಕೆ ವಾಷರು, ಸರ್ವಿಸ್ ಕಿಟ್ಟು ಈಗ ಸಿಗುತ್ತಾ ಅಂತ ಕೇಳಿದೆವು. ಆ ಮಾಡೆಲ್ಲನ್ನೇ ನಿಲ್ಲಿಸಿದ್ದಾರಂತೆ. ಕಾಫಿಗೆ ಥ್ಯಾಂಕ್ಸ್ ಹೇಳಿ ಬಸ್ ಹತ್ತಿದೆವು. ಹಳೇದೆಲ್ಲ ಕೆಟ್ಟದ್ದು ಅಂತ ನಾವು ಹೇಳೋಲ್ಲ. ಬಿಚ್ಚಿ ಸರಿಮಾಡೋ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿ, ಬಿಡಿಭಾಗ ಸಿಗುತ್ತಾ ಕೇಳಿ, ಆಮೇಲೆ ಕಾಫಿ ಕುಡಿಯಿರಿ.

ಹೊಸದರ ಅಂಗಡಿಯಲ್ಲಿ ಬೇರೆ ತರದ ಕಷ್ಟ. ಅಲ್ಲಿನ ಹುಡುಗ ಪಿಸ್ಟನ್, ಡಯಾಫ್ರಮ್, ಬ್ಯಾಲೆನ್ಸ್ಡ್, ಸೀಲ್ಡ್ ಅಂತ ಮಂತ್ರ ಹೇಳಿದ ಹಾಗೆ ಹೇಳುತ್ತಾ ಹೋದ. ಮಂತ್ರ ಅರ್ಥವಾಗದಿದ್ದರೆ ಕೇಳಿದಷ್ಟು ದಕ್ಷಿಣೆ ಕೊಡಬೇಕಾಗುತ್ತೆ. ನಾವು ಒಂದೊಂದನ್ನೂ ಬಿಡಿಸಿ ಕೇಳಿದೆವು. ಪಿಸ್ಟನ್ ಅಂದರೆ ಲೋಹದ ಕೊಂತವೇ ಏರಿಳಿದು ಗಾಳಿ ಬಿಡೋದು. ಸಾದಾ ಪಿಸ್ಟನ್ನಿನಲ್ಲಿ ಅಲ್ಲಾಡುವ ಭಾಗ ಕಡಿಮೆ, ಕೆಡೋದು ಕಡಿಮೆ, ಬೆಲೆ ಕಡಿಮೆ. ಸ್ಕೂಬಾಪ್ರೊದವರ ಎಂಕೆ2 ಇಂಥದ್ದು. ಇದರ ಕೊರತೆ ಏನು? ಸಿಲಿಂಡರ್ ಬರಿದಾಗುತ್ತಾ ಬಂದಂತೆ ಎಳೆಯೋದು ಸ್ವಲ್ಪ ಬಿಗಿಯಾಗುತ್ತೆ. ಬ್ಯಾಲೆನ್ಸ್ಡ್ ಅಂದರೆ ತುಂಬಿದ್ದರೂ ಖಾಲಿಯಾಗುತ್ತಿದ್ದರೂ ಒಂದೇ ಸಮ ಬರೋದು. ಆಳಕ್ಕೆ ಹೋಗುವವರಿಗೆ ಅದು ಬೇಕು. ಮೊದಲ ಸರ್ಟಿಫಿಕೇಟಿಗೆ ನಮಗೆ ಬಿಡೋದು 18 ಮೀಟರ್. ಡಯಾಫ್ರಮ್ ಅಂದರೆ ನೀರಿಗೂ ಯಂತ್ರಕ್ಕೂ ನಡುವೆ ಪೊರೆ. ಅದನ್ನೂ ಹೊರಗಿನಿಂದ ಮುಚ್ಚಿದ್ದರೆ ಸೀಲ್ಡ್: ಹಿಮದಂಥ ನೀರಿಗೂ, ಕೆಸರು ನೀರಿಗೂ ಅನುಕೂಲ. ತಣ್ಣೀರಿನ ಪರೀಕ್ಷೆಗೆ ನಿಲ್ಲದ ರೆಗ್ಯುಲೇಟರಿನ ಮೇಲೆ ಯುರೋಪಿನ ಇಎನ್ 250 ನಿಯಮದ ಪ್ರಕಾರ 10 ಡಿಗ್ರಿಗಿಂತ ಮೇಲೆ ಮಾತ್ರ ಅಂತ ಗುರುತು ಇರುತ್ತೆ. ನಮ್ಮ ಕಡಲು, ನಮ್ಮ ಕ್ವಾರಿ ಯಾವತ್ತು 10 ಡಿಗ್ರಿಗೆ ಇಳಿದಾವು? ಆ ಗುರುತಿಗೆ ನಾವು ಹೆದರಬೇಕಾಗಿಲ್ಲ. ಬಾಯಿ ಡಬ್ಬಿಯ ಮೇಲಿನ ತಿರುಪು, ಬಣ್ಣದ ಮುಚ್ಚಳ, ಇವಕ್ಕೂ ದುಡ್ಡು ಕೊಡಬೇಕಾಗಿಲ್ಲ. ದವಡೆಗೆ ಹೊಂದುವ ಕಚ್ಚುವ ರಬ್ಬರು ಮಾತ್ರ ಬೇಕೇ ಬೇಕು. ಅದು ಎಲ್ಲಕ್ಕಿಂತ ಅಗ್ಗದ ವಸ್ತು, ಅದು ಹೊಂದದೆ ಅರ್ಧ ಗಂಟೆಗೆ ನಮ್ಮ ದವಡೆ ಸೋತಿತ್ತು.

ಕೆಸರಿನ ಮಾತಿಗೆ ಬಂದಾಗ ನಮ್ಮೊಳಗೆ ಜಗಳ ಹತ್ತಿತು. ಕ್ವಾರಿ ತಳದಲ್ಲಿ ಇರೋದೇ ಕಲ್ಲಿನ ಹಿಟ್ಟು. ಒಂದೇ ಒಂದು ಒಳ್ಳೇ ಸೀಲ್ಡ್ ತಗೊಳ್ಳೋಣ ಅಂತ ಇಬ್ಬರು. ಅದೇ ದುಡ್ಡಿಗೆ ಸಾದಾ ಪಿಸ್ಟನ್ನಿನವು ಎರಡು ಬರುತ್ತವೆ ಅಂತ ಇನ್ನಿಬ್ಬರು. ಎರಡು ರಾತ್ರಿ ಮಾತಾಡಿದೆವು. ಮುರುಡೇಶ್ವರದ ಹುಡುಗನಿಗೆ ಫೋನ್ ಮಾಡಿದೆವು. ಅವನು ರೆಗ್ಯುಲೇಟರ್ ವಿಷಯ ಬಿಟ್ಟು ಒಂದೇ ಪ್ರಶ್ನೆ ಕೇಳಿದ: "ಇಳಿಯೂದು ಎಷ್ಟು ಜನ?" ಒಬ್ಬ ಅಂದೆವು. ಅವನು ಸಿಟ್ಟಾದ. ಒಬ್ಬನೇ ಇಳಿಯೋ ಹಾಗೇ ಇಲ್ಲ ಅಂದ. ಪ್ರತಿ ಸೆಟ್ಟಿನಲ್ಲೂ ಹಳದಿ ಬಣ್ಣದ ಇನ್ನೊಂದು ಬಾಯಿ ಡಬ್ಬಿ ಇರೋದು ಯಾಕೆ? ಜೊತೆಯವನ ಗಾಳಿ ನಿಂತರೆ ಕೊಡೋಕೆ. ಜೊತೆಯವನೇ ಇಲ್ಲದಿದ್ದರೆ ಆ ಹಳದಿ ಯಾರಿಗೆ? ಗುಂಡಿಯಲ್ಲಿ ತಂತಿ, ಮರದ ಕೊಂಬೆ, ಕಣ್ಣಿಗೆ ಕೈ ಕಾಣದ ಕೆಸರು. ಹೆಣ ತೆಗೆಯೋದಕ್ಕೆ ಬೇರೆಯೇ ತರಬೇತಿ, ಅದಿಲ್ಲದೆ ಇಳಿದರೆ ಎರಡು ಹೆಣ ಆಗ್ತದೆ ಅಂತ ಬೈದ. ನಿಮ್ಮೂರು ಸಮುದ್ರಕ್ಕಿಂತ 800 ಮೀಟರ್ ಎತ್ತರದಲ್ಲಿದೆ, 300 ಮೀಟರ್ ದಾಟಿದ ನೀರಿಗೆ ಆಳದ ಲೆಕ್ಕವೇ ಬೇರೆ, ಅದನ್ನೂ ಕಲಿಯಿರಿ ಅಂದ. ಸಿಲಿಂಡರ್ ಎಲ್ಲಿ ತುಂಬಿಸ್ತೀರಿ, ಆ ಕಂಪ್ರೆಸರು ಡೀಸೆಲ್ ಹೊಗೆ ಎಳೀತದಾ ನೋಡಿದ್ರಾ ಅಂತ ಕೇಳಿದ. ನೋಡಿರಲಿಲ್ಲ. ಹೊಗೆ ಸೇರಿದ ಗಾಳಿಯನ್ನು ಎಂಥ ದುಬಾರಿ ರೆಗ್ಯುಲೇಟರೂ ಶುದ್ಧ ಮಾಡೋಲ್ಲ.

ನಮಗಿಂತ ಚಿಕ್ಕವನ ಹತ್ತಿರ ಇಷ್ಟು ಬೈಸಿಕೊಂಡದ್ದು ಅದೇ ಮೊದಲು. ಆಮೇಲೆ ಮೇಷ್ಟ್ರು ಸೀಮೆಸುಣ್ಣ ಹಿಡಿದು ಗೋಡೆ ಮೇಲೆ ಲೆಕ್ಕ ಬರೆದರು. 12 ಲೀಟರಿನ ಸಿಲಿಂಡರ್, 200 ಬಾರ್, ಒಟ್ಟು 2400 ಲೀಟರ್ ಗಾಳಿ. 50 ಬಾರ್ ಮುಟ್ಟಬಾರದು, ಉಳಿದದ್ದು 1800. ಮೇಲೆ ನಿಮಿಷಕ್ಕೆ 20 ಲೀಟರ್ ಎಳೆಯುವವನು 20 ಮೀಟರ್ ಕೆಳಗೆ ಮೂರುಪಟ್ಟು ಎಳೀತಾನೆ, 60 ಲೀಟರ್. ಅಲ್ಲಿಗೆ ಅರ್ಧ ಗಂಟೆ. ಹೆದರಿದವನಿಗೆ ಅದೂ ಇಲ್ಲ. ಗೋಡೆಯ ಲೆಕ್ಕ ನೋಡುತ್ತಾ ನಾವು ನಾಲ್ವರೂ ಸುಮ್ಮನೆ ಕೂತೆವು. ಅವತ್ತು ಹುಡುಗನನ್ನು ಹುಡುಕುವಾಗ ಹೊತ್ತಿನ ಲೆಕ್ಕ ಯಾರಿಗಿತ್ತು.

ಎರಡು ಸಾದಾ ಪಿಸ್ಟನ್ನಿನವನ್ನೇ ತಗೊಂಡೆವು. ಎರಡೂ ಒಂದೇ ಮಾಡೆಲ್, ಒಂದನ್ನು ಬಿಚ್ಚೋಕೆ ಗೊತ್ತಾದರೆ ಇನ್ನೊಂದೂ ಗೊತ್ತಾಗಲಿ ಅಂತ. ವಾಷರು ಬದಲಿಸಿ ಸರ್ವಿಸ್ ಮಾಡುವವರು ಬೆಂಗಳೂರಲ್ಲೇ ಇದ್ದಾರೆ, ಕಂಪನಿ ಪುಸ್ತಕದಲ್ಲಿ ಹೇಳಿದ ಹೊತ್ತಿಗೆ ತರುತ್ತೀವಿ ಅಂತ ಮಾತಾಗಿದೆ. ತಲಾ ಮೂರು ತಿಂಗಳ ದುಡಿಮೆ ಅದರಲ್ಲಿ ಕೂತಿದೆ. ತರಬೇತಿ ಮುಗಿಯೋವರೆಗೂ ಕ್ವಾರಿಗೆ ಒಯ್ಯೋದಿಲ್ಲ ಅಂತ ಅಮ್ಮಂದಿರ ಮುಂದೆ ಆಣೆ ಆಗಿದೆ. ಆ ಹುಡುಗನ ತಾಯಿ ಒಂದು ದಿನ ಬಂದು ನೋಡಿದಳು. ಕೈಯಲ್ಲಿ ಹಿಡಿದು ತೂಕ ನೋಡಿ, "ಇಷ್ಟೇನಾ" ಅಂದಳು. ಮೆಕ್ಯಾನಿಕ್ ಅಂದ ಮಾತೇ ಅದು. ನಮ್ಮಲ್ಲಿ ಯಾರಿಗೂ ಉತ್ತರ ಕೊಡೋಕೆ ಆಗಲಿಲ್ಲ.

ಈಗ ಮೇಷ್ಟ್ರ ಮನೆಯಲ್ಲಿ ಇಲಿ ಕಾಟ. ಕಚ್ಚುವ ರಬ್ಬರನ್ನು ಇಲಿ ಕಚ್ಚೀತು ಅಂತ ಎರಡನ್ನೂ ಅಕ್ಕಿ ತುಂಬೋ ದೊಡ್ಡ ಸ್ಟೀಲ್ ಡಬ್ಬಿಯಲ್ಲಿ ಇಟ್ಟಿದ್ದೀವಿ. ಕೋರ್ಸಿನ ನಾಲ್ಕು ಮುಳುಗಿನಲ್ಲಿ ಎರಡಾದ ಮೇಲೆ ಕಡಲೆದ್ದು ದೋಣಿ ನಿಂತಿತ್ತು. ಉಳಿದೆರಡಕ್ಕೆ ದಸರಾ ರಜ ಮುಗಿಯೋದರೊಳಗೆ ಮುರುಡೇಶ್ವರದ ಬಸ್ಸು ಹಿಡಿಯಬೇಕು.